ಐರ್ಲೆಂಡಿನ ಬಡಾವಣೆ ಪಬ್ಬಿಗೆ ಹೋಗುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಐರ್ಲೆಂಡಿಗೆ ಕೆಲಸಕ್ಕೋ ಓದಿಗೋ ಬಂದವರು, ಮಗಳ ಮನೆಗೆ ಮೂರು ತಿಂಗಳಿಗೆ ಬಂದ ಅಪ್ಪ-ಅಮ್ಮ, ಒಂದು ವಾರ ಸುತ್ತಾಡಲು ಬಂದವರು, ಎಲ್ಲರೂ ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆಗಳಿವು. ಡಬ್ಲಿನ್ನಿನ ಟೆಂಪಲ್ ಬಾರ್‌ನಂಥ ಪ್ರವಾಸಿ ಬೀದಿಯ ಪಬ್ಬುಗಳ ವಿಷಯ ಇಲ್ಲಿಲ್ಲ. ಮನೆಯಿಂದ ನಡೆದೇ ಹೋಗಬಹುದಾದ, ಬಾಗಿಲ ಮೇಲೆ ಯಾವುದೋ ಮನೆತನದ ಹೆಸರು ಬರೆದಿರುವ, ಬಂದವರಲ್ಲಿ ಅರ್ಧ ಜನಕ್ಕೆ ಒಬ್ಬರಿಗೊಬ್ಬರು ಪರಿಚಯವಿರುವ ಪಬ್ಬಿನ ವಿಷಯ ಇದು. ನಮ್ಮವರಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಅದರ ಮುಂದೆಯೇ ಓಡಾಡುತ್ತಾರೆ, ಒಳಗೆ ಕಾಲಿಡುವುದಿಲ್ಲ. ಅದು ಕುಡಿಯುವವರ ಜಾಗ, ನಮಗಲ್ಲ ಅನ್ನುವ ಭಾವನೆ. ಆ ಭಾವನೆಯಿಂದ ನಾವು ಕಳೆದುಕೊಳ್ಳುವುದು ಬಹಳ. ಅದಕ್ಕೇ ಇಷ್ಟು ವಿವರವಾಗಿ ಬರೆದಿದ್ದೇನೆ.

ನಾನು ಕುಡಿಯುವುದಿಲ್ಲ. ಹೋದರೆ ವಿಚಿತ್ರವಾಗಿ ನೋಡುತ್ತಾರಾ?

ಇಲ್ಲ. ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದೇ, ಅದಕ್ಕೆ ಮೊದಲು ಇಟ್ಟಿದ್ದೇನೆ.

ಐರಿಷರು ಅಂದರೆ ಕುಡಿತ ಅನ್ನುವ ಮಾತು ಲೋಕಕ್ಕೆಲ್ಲ ಗೊತ್ತು. ಕುಡಿಯದವರ ದೊಡ್ಡ ಪರಂಪರೆಯೂ ಅದೇ ದೇಶದಲ್ಲಿದೆ ಅನ್ನುವುದು ಅಷ್ಟಾಗಿ ಗೊತ್ತಿಲ್ಲ. 1838ರಲ್ಲಿ ಕಾರ್ಕ್ ನಗರದಿಂದ ಫಾದರ್ ಮ್ಯಾಥ್ಯೂ ನಡೆಸಿದ ಪಾನವಿರೋಧಿ ಚಳವಳಿಯಲ್ಲಿ ಲಕ್ಷಾಂತರ ಜನ ಕುಡಿತ ಬಿಡುವ ಪ್ರತಿಜ್ಞೆ ಮಾಡಿದರು. 1898ರಲ್ಲಿ ಜೆಸ್ಯೂಟ್ ಪಾದ್ರಿ ಜೇಮ್ಸ್ ಕಲನ್ ಡಬ್ಲಿನ್ನಿನಲ್ಲಿ ಪಯೋನಿಯರ್ ಸಂಘ ಕಟ್ಟಿದರು. ಅದರ ಸದಸ್ಯರು ಬದುಕಿಡೀ ಕುಡಿಯುವುದಿಲ್ಲ, ಕೋಟಿನ ಮೇಲೆ ಒಂದು ಪುಟ್ಟ ಪಿನ್ ಹಾಕಿಕೊಳ್ಳುತ್ತಾರೆ. ಹಾಗೆ ಪಿನ್ ಹಾಕಿಕೊಂಡವರೂ ಪಬ್ಬಿಗೆ ಬರುತ್ತಿದ್ದರು. ಕುಡಿಯಲಿಕ್ಕಲ್ಲ, ಜನರನ್ನು ನೋಡಲಿಕ್ಕೆ.

ಹಾಗಾಗಿ ಧೈರ್ಯವಾಗಿ ಟೀ ಕೇಳಿ. ಬಹುತೇಕ ಪಬ್ಬುಗಳಲ್ಲಿ ಸ್ಟೀಲಿನ ಪುಟ್ಟ ಪಾಟಿನಲ್ಲಿ ಕೊಡುತ್ತಾರೆ, ಪಕ್ಕದಲ್ಲಿ ತಣ್ಣನೆ ಹಾಲು. ಇವರ ಟೀ ಕಡಕ್ಕಾಗಿಯೇ ಇರುತ್ತದೆ, ನಮ್ಮ ಬಾಯಿಗೆ ಹಿಡಿಸುತ್ತದೆ. ತಂಪು ಪಾನೀಯಗಳಿಗೆ ಇಲ್ಲಿ ಮಿನರಲ್ಸ್ ಅನ್ನುತ್ತಾರೆ. ಕ್ಲಬ್ ಆರೆಂಜ್ ಇಲ್ಲಿನದೇ ಕಿತ್ತಳೆ ಪಾನೀಯ. ಮಿವಾಡಿ ಅನ್ನುವ ಶರಬತ್ತಿಗೆ ನೀರು ಬೆರೆಸಿ ಕೊಡುವುದೂ ಉಂಟು. ಗಿನ್ನಿಸ್ ಅನ್ನುವ ಇಲ್ಲಿನ ಕಪ್ಪು ಬಿಯರಿನ ರುಚಿ ನೋಡಬೇಕು, ಆದರೆ ಮದ್ಯ ಬೇಡ ಅನ್ನುವವರಿಗೆ ಗಿನ್ನಿಸ್ 0.0 ಈಗ ಎಲ್ಲ ಕಡೆ ಇದೆ. ಒಂದು ಎಚ್ಚರಿಕೆ: ಐರಿಷ್ ಕಾಫಿಯಲ್ಲಿ ವಿಸ್ಕಿ ಇರುತ್ತದೆ. ಹೆಸರು ನೋಡಿ ಬರೀ ಕಾಫಿ ಅಂದುಕೊಳ್ಳಬೇಡಿ.

ಯಾರಾದರೂ "ಒಂದು ತಗೊಳ್ಳಿ" ಅಂತ ಒತ್ತಾಯ ಮಾಡಿದರೆ "ನಾನು ಕುಡಿಯೋದಿಲ್ಲ" ಅಂದರೆ ಸಾಕು. ಕಾರಣ ವಿವರಿಸುತ್ತಾ ಕೂರಬೇಕಿಲ್ಲ.

ಬೆಂಗಳೂರಿನ ಪಬ್ಬಿಗೂ ಇಲ್ಲಿಯದಕ್ಕೂ ಏನು ವ್ಯತ್ಯಾಸ?

ಬೆಂಗಳೂರಿನಲ್ಲಿ ಪಬ್ ಅಂದರೆ ಶನಿವಾರ ರಾತ್ರಿ, ಜೋರು ಸಂಗೀತ, ಮಂದ ಬೆಳಕು, ವಯಸ್ಸು ಮೂವತ್ತರ ಒಳಗಿನ ಜನ. ಇಲ್ಲಿನ ಬಡಾವಣೆ ಪಬ್ಬಿಗೆ ಮಂಗಳವಾರ ಮಧ್ಯಾಹ್ನ ಹೋಗಿ ನೋಡಿ. ಎಂಬತ್ತು ವಯಸ್ಸಿನ ಅಜ್ಜ ಪತ್ರಿಕೆ ಹರಡಿಕೊಂಡು ಕೂತಿರುತ್ತಾರೆ. ಇಬ್ಬರು ಹೆಂಗಸರು ಸೂಪ್ ಕುಡಿಯುತ್ತಾ ಮಾತಾಡುತ್ತಿರುತ್ತಾರೆ. ಕೆಲಸದ ಬಟ್ಟೆಯಲ್ಲೇ ಬಂದ ಪ್ಲಂಬರ್ ಕೌಂಟರಿಗೆ ಒರಗಿ ನಿಂತಿರುತ್ತಾನೆ. ಕೆಲವು ಕಡೆ ಟಿವಿಯೂ ಇರುವುದಿಲ್ಲ.

ಹಳ್ಳಿಗಳಲ್ಲಿ ಪಬ್ಬು ಮತ್ತು ಅಂಗಡಿ ಒಂದೇ ಆಗಿದ್ದ ಕಾಲವಿತ್ತು. ಮುಂದೆ ಸಕ್ಕರೆ, ಟೀ ಪುಡಿ, ಮೊಳೆ. ಹಿಂದೆ ಬಿಯರು. ಕೆರ‍್ರಿ ಕೌಂಟಿಯ ಡಿಂಗಲ್ ಊರಿನಲ್ಲಿ ಇದು ಇನ್ನೂ ಕಣ್ಣಿಗೆ ಕಾಣುತ್ತದೆ. ಅಲ್ಲಿನ ಫಾಕ್ಸಿ ಜಾನ್ಸ್ ಪಬ್ಬಿನಲ್ಲಿ ಒಂದು ಕಡೆ ಹಾರ್ಡ್‌ವೇರ್ ಸಾಮಾನು, ಇನ್ನೊಂದು ಕಡೆ ಬಾರು. ಡಿಕ್ ಮ್ಯಾಕ್ಸ್‌ನಲ್ಲಿ ಮೊದಲು ಚಪ್ಪಲಿ-ಬೂಟಿನ ಕೆಲಸ ನಡೆಯುತ್ತಿತ್ತು, ಚರ್ಮದ ಕೆಲಸದ ಆ ಕಟ್ಟೆ ಈಗಲೂ ಇದೆ. ಊರಿನವರು ಸಾಮಾನಿಗೆ ಬಂದು, ಸುದ್ದಿ ಕೇಳಿ, ಒಂದು ಗ್ಲಾಸು ಕುಡಿದು ಹೋಗುತ್ತಿದ್ದ ಜಾಗ ಅದು. ಪಬ್ಬಿನ ಸ್ವಭಾವ ಈಗಲೂ ಹಾಗೇ ಇದೆ.

ಒಳಗೆ ಹೋದ ಕೂಡಲೇ ಏನು ಮಾಡಬೇಕು?

ನೇರ ಕೌಂಟರಿಗೆ ಹೋಗಿ. ಮೇಜಿನ ಹತ್ತಿರ ಕೂತು ವೇಟರ್ ಬರಲಿ ಅಂತ ಕಾದರೆ ಅರ್ಧ ಗಂಟೆ ಸುಮ್ನೆ ಕೂತಿರಬೇಕಾಗುತ್ತದೆ. ಕೆಲವು ದೊಡ್ಡ ಪಬ್ಬುಗಳ ಲೌಂಜಿನಲ್ಲಿ ಮೇಜಿಗೇ ಬಂದು ಕೇಳುತ್ತಾರೆ, ಉಳಿದ ಕಡೆ ನಾವೇ ಹೋಗಬೇಕು. ಕ್ಯೂ ಇರುವುದಿಲ್ಲ. ಆದರೂ ಯಾರ ನಂತರ ಯಾರು ಅನ್ನುವುದು ಕೌಂಟರಿನ ಹಿಂದೆ ನಿಂತವರಿಗೆ ಪಕ್ಕಾ ಗೊತ್ತಿರುತ್ತದೆ. ಕೈ ತಟ್ಟಿ, ಬೆರಳು ಚಿಟಿಕೆ ಹೊಡೆದು ಕರೆಯಬೇಡಿ. ನೋಟು ಎತ್ತಿ ಆಡಿಸುವುದೂ ಬೇಡ. ಕಣ್ಣು ಕೂಡಿದಾಗ ತಲೆ ಆಡಿಸಿದರೆ ಸಾಕು. ಪಕ್ಕದಲ್ಲಿ ನಿಂತವರು ನಿಮಗಿಂತ ಮೊದಲು ಬಂದಿದ್ದರೆ "ಇವರು ಮೊದಲು" ಅಂತ ಹೇಳಿ. ಆ ಒಂದು ಮಾತಿನಿಂದಲೇ ಎಷ್ಟೋ ಸಲ ಪರಿಚಯ ಶುರುವಾಗುತ್ತದೆ.

ಪೈಂಟ್ ಅಂದರೆ 568 ಮಿಲಿ. ಗ್ಲಾಸ್ ಅಂತ ಕೇಳಿದರೆ ಅದರ ಅರ್ಧ ಬರುತ್ತದೆ. ದುಡ್ಡು ಅಲ್ಲಲ್ಲೇ ಕೊಡಬೇಕು, ಕೊನೆಗೆ ಬಿಲ್ಲು ಅನ್ನುವ ರೂಢಿ ಇಲ್ಲ. ಕಾರ್ಡು ಹೆಚ್ಚುಕಡಿಮೆ ಎಲ್ಲ ಕಡೆ ನಡೆಯುತ್ತದೆ. ಹಳ್ಳಿ ಕಡೆ ಹೋಗುವಾಗ ಸ್ವಲ್ಪ ನಗದು ಇಟ್ಟುಕೊಳ್ಳಿ.

ಗಿನ್ನಿಸ್ ಹಾಕಲು ಯಾಕೆ ಅಷ್ಟು ಹೊತ್ತು?

ಎರಡು ಹಂತದಲ್ಲಿ ಹಾಕುತ್ತಾರೆ. ಗ್ಲಾಸನ್ನು ಓರೆಯಾಗಿ ಹಿಡಿದು ಮುಕ್ಕಾಲು ಭಾಗ ತುಂಬಿಸಿ ಪಕ್ಕಕ್ಕಿಡುತ್ತಾರೆ. ಕಂದು ಬಣ್ಣದ ಗುಳ್ಳೆಗಳೆಲ್ಲ ಅಡಗಿ, ಕಪ್ಪು ಕೆಳಗೆ, ಬಿಳಿ ನೊರೆ ಮೇಲೆ ಬೇರೆಯಾಗುವವರೆಗೆ ಮುಟ್ಟುವುದಿಲ್ಲ. ಆಮೇಲೆ ಉಳಿದದ್ದು ತುಂಬಿಸುತ್ತಾರೆ. ಕಂಪನಿ ಹೇಳುವ ಲೆಕ್ಕ 119.5 ಸೆಕೆಂಡ್. ಈ ಬಿಯರಿನಲ್ಲಿ ಸಾರಜನಕ ಬೆರೆತಿರುತ್ತದೆ, 1959ರಿಂದ ಹೀಗೆ. ಸಾರಜನಕದ ಗುಳ್ಳೆಗಳು ತೀರಾ ಸಣ್ಣವು, ಅದರಿಂದಲೇ ನೊರೆ ಕೆನೆಯಂತೆ ನಿಲ್ಲುತ್ತದೆ. ಹಾಗಾಗಿ ಅರ್ಧ ತುಂಬಿದ ಗ್ಲಾಸನ್ನು ಎತ್ತಿಕೊಂಡು ಹೊರಡಬೇಡಿ. ಮರೆತಿದ್ದಾರೆ ಅಂತಲೂ ಅಂದುಕೊಳ್ಳಬೇಡಿ.

ಆರ್ಥರ್ ಗಿನ್ನಿಸ್ 1759ರಲ್ಲಿ ಡಬ್ಲಿನ್ನಿನ ಸೇಂಟ್ ಜೇಮ್ಸಸ್ ಗೇಟ್ ಜಾಗವನ್ನು ವರ್ಷಕ್ಕೆ 45 ಪೌಂಡಿನಂತೆ 9,000 ವರ್ಷಕ್ಕೆ ಗುತ್ತಿಗೆ ಹಿಡಿದ. ಕಾರ್ಕ್‌ನಲ್ಲಿ ಮಾತ್ರ ಸ್ವಲ್ಪ ನೋಡಿಕೊಂಡು ಕೇಳಿ. ಅಲ್ಲಿನವರಿಗೆ ತಮ್ಮದೇ ಕಪ್ಪು ಬಿಯರುಗಳಾದ ಮರ್ಫೀಸ್ ಮತ್ತು ಬೀಮಿಶ್ ಮೇಲೆ ಅಭಿಮಾನ. ಸಸ್ಯಾಹಾರಿಗಳಿಗೆ ಒಂದು ಮಾತು: ಮೊದಲು ಗಿನ್ನಿಸ್ ಸೋಸಲು ಮೀನಿನ ಅಂಗದಿಂದ ಮಾಡಿದ ವಸ್ತು ಬಳಸುತ್ತಿದ್ದರು. ಕೆಲವು ವರ್ಷಗಳ ಹಿಂದೆ ಅದನ್ನು ನಿಲ್ಲಿಸಿದ್ದಾರೆ.

ರೌಂಡ್ ಅಂದರೆ ಏನು? ಎಲ್ಲರೂ ಅದಕ್ಕೆ ಹೆದರಿಸುತ್ತಾರೆ.

ಹೆದರುವಂಥದ್ದಲ್ಲ, ಆದರೆ ತಿಳಿದುಕೊಂಡು ಹೋಗಲೇಬೇಕು. ಪಬ್ಬಿನಲ್ಲಿ ಬೇರೆ ಏನು ತಪ್ಪಿದರೂ ಕ್ಷಮೆ ಇದೆ, ಇದರಲ್ಲಿ ಕಷ್ಟ.

ನಾಲ್ಕು ಜನ ಜೊತೆಗೆ ಕೂತಿದ್ದೀರಿ ಅಂದುಕೊಳ್ಳಿ. ಒಬ್ಬರು ಎದ್ದು ಹೋಗಿ ನಾಲ್ವರಿಗೂ ತರುತ್ತಾರೆ, ದುಡ್ಡು ಅವರದೇ. ಅದು ಖಾಲಿಯಾಗುವ ಹೊತ್ತಿಗೆ ಇನ್ನೊಬ್ಬರು ಏಳುತ್ತಾರೆ. ಹೀಗೆ ಸರದಿ ಸುತ್ತುತ್ತದೆ. ಯಾರೂ ಲೆಕ್ಕ ಬರೆದಿಡುವುದಿಲ್ಲ, ಎಲ್ಲರ ನೆನಪಿನಲ್ಲಿ ಇರುತ್ತದೆ. ನೀವು ಬರೀ ಟೀ ಕುಡಿಯುತ್ತಿದ್ದರೂ ನಿಮ್ಮ ಸರದಿ ಬಂದಾಗ ಎಲ್ಲರಿಗೂ ನೀವೇ ತರಬೇಕು. "ನಾನು ಮೂರು ಯೂರೋದ್ದು ಕುಡಿದೆ, ಅವರು ಆರು ಯೂರೋದ್ದು ಕುಡಿದರು" ಅನ್ನುವ ಲೆಕ್ಕ ಇಲ್ಲಿ ಬರುವುದಿಲ್ಲ. ಮೊಬೈಲ್ ತೆಗೆದು ಭಾಗ ಹಾಕುವುದಂತೂ ಬೇಡವೇ ಬೇಡ.

ನಮ್ಮಲ್ಲಿ ಹೋಟೆಲಿನ ಕೌಂಟರಿನಲ್ಲಿ "ನಾನ್ ಕೊಡ್ತೀನಿ, ನಾನ್ ಕೊಡ್ತೀನಿ" ಅಂತ ಕೈ ಹಿಡಿದು ಎಳೆದಾಡುತ್ತೇವಲ್ಲ, ಇಲ್ಲಿ ಅದರ ಅಗತ್ಯ ಇಲ್ಲ. ಇನ್ನೊಬ್ಬರ ಸರದಿಯನ್ನು ಕಿತ್ತುಕೊಂಡು ಪದೇ ಪದೇ ನೀವೇ ಕೊಟ್ಟರೆ ಅವರಿಗೆ ಮುಜುಗರವಾಗುತ್ತದೆ. ಅವರಿಗೂ ತಮ್ಮ ಋಣ ತೀರಿಸಲು ಬಿಡಬೇಕು.

ಹೊರಗುಳಿಯಬೇಕಾ? ಶುರುವಿನಲ್ಲೇ ಹೇಳಿ. "ನಾನು ಒಂದೇ ಕುಡಿದು ಹೊರಡುತ್ತೇನೆ, ನನ್ನದು ನಾನೇ ತರುತ್ತೇನೆ" ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮಧ್ಯೆ ಒಂದು ಸುತ್ತು ಬಿಡಬೇಕಿದ್ದರೆ ಅದನ್ನೂ ಹೇಳಬಹುದು. ಮಾಡಬಾರದ್ದು ಒಂದೇ. ಮೂರು ಸುತ್ತು ಬೇರೆಯವರಿಂದ ಕುಡಿದು, ನಿಮ್ಮ ಸರದಿ ಬರುವಾಗ ಜಾಕೆಟ್ ಹಾಕಿಕೊಂಡು ಎದ್ದು ಹೋಗುವುದು. ಅದನ್ನು ಮರೆಯುವುದಿಲ್ಲ, ವರ್ಷಗಳ ನಂತರವೂ ಹೇಳುತ್ತಾರೆ. ಏಳೆಂಟು ಜನರ ಗುಂಪಿದ್ದರೆ ಮೂರ್ನಾಲ್ಕು ಜನರ ಸಣ್ಣ ಸುತ್ತು ಮಾಡಿಕೊಳ್ಳಿ. ಇಲ್ಲದಿದ್ದರೆ ಎಲ್ಲರ ಸರದಿ ಮುಗಿಯುವಷ್ಟರಲ್ಲಿ ಮೈಮೇಲೆ ಎಚ್ಚರ ಇರುವುದಿಲ್ಲ.

ಟಿಪ್ಸ್ ಕೊಡಬೇಕಾ?

ಕೌಂಟರಿನಲ್ಲಿ ಪಾನೀಯಕ್ಕೆ ಕೊಡುವ ರೂಢಿ ಇಲ್ಲ. ಮೇಜಿಗೆ ಊಟ ತಂದುಕೊಟ್ಟರೆ ಹತ್ತು ಪರ್ಸೆಂಟ್ ಸುತ್ತ ಕೊಡುತ್ತಾರೆ, ಅದೂ ಕಡ್ಡಾಯವಲ್ಲ.

ಎಷ್ಟು ಖರ್ಚಾಗುತ್ತದೆ?

ಬಡಾವಣೆಯ ಪಬ್ಬಿನಲ್ಲಿ ಪೈಂಟ್ ಗಿನ್ನಿಸ್ ಆರು ಯೂರೋ ಆಸುಪಾಸು. ಹಳ್ಳಿಯಲ್ಲಿ ಸ್ವಲ್ಪ ಕಡಿಮೆ. ಟೆಂಪಲ್ ಬಾರ್‌ನಲ್ಲಿ ಅದೇ ಪೈಂಟಿಗೆ ಹತ್ತು ಯೂರೋ ತನಕ ಹೋಗುತ್ತದೆ. ರೂಪಾಯಿಗೆ ಪರಿವರ್ತಿಸಿ ನೋಡುತ್ತಾ ಕೂತರೆ ಟೀ ಕುಡಿಯಲೂ ಮನಸ್ಸು ಬರುವುದಿಲ್ಲ. ಒಂದೇ ಪೈಂಟ್ ಅಥವಾ ಒಂದೇ ಪಾಟ್ ಟೀ ಇಟ್ಟುಕೊಂಡು ಎರಡು ಗಂಟೆ ಕೂತರೂ ಯಾರೂ ಏಳಿಸುವುದಿಲ್ಲ. ಆ ಲೆಕ್ಕದಲ್ಲಿ ಇದು ಅಗ್ಗವೇ.

ಸಸ್ಯಾಹಾರಿಗಳಿಗೆ ತಿನ್ನಲು ಏನಾದರೂ ಸಿಗುತ್ತದಾ?

ಸಿಗುತ್ತದೆ, ಆದರೆ ಕೇಳಿ ತಿನ್ನಬೇಕು. ಕೆಲವು ಹಳೆಯ ಪಬ್ಬುಗಳಲ್ಲಿ ಅಡುಗೆಯೇ ಇರುವುದಿಲ್ಲ. ಅಲ್ಲಿ ಟೇಟೋ ಚಿಪ್ಸ್ ಪೊಟ್ಟಣ ಸಿಗುತ್ತದೆ, ಚೀಸ್-ಈರುಳ್ಳಿ ರುಚಿಯದು. ಡಬ್ಲಿನ್ನಿನಲ್ಲಿ 1954ರಲ್ಲಿ ಶುರುವಾದ ಕಂಪನಿ ಇದು. ಪೊಟ್ಟಣವನ್ನು ಪೂರ್ತಿ ಹರಿದು ಮೇಜಿನ ಮಧ್ಯೆ ಹರಡಿ ಇಡುತ್ತಾರೆ, ಎಲ್ಲರೂ ಕೈ ಹಾಕಬಹುದು ಅಂತ ಅರ್ಥ.

ಅಡುಗೆ ಇರುವ ಕಡೆ ತರಕಾರಿ ಸೂಪು ಮತ್ತು ಸೋಡಾ ಹಾಕಿ ಮಾಡಿದ ಕಂದು ಬ್ರೆಡ್ಡು ಚೆನ್ನಾಗಿರುತ್ತದೆ. ತರಕಾರಿ ಸೂಪು ಅಂತ ಬರೆದಿದ್ದರೂ ಕೋಳಿಯ ಸ್ಟಾಕ್ ಹಾಕಿರಬಹುದು, ಕೇಳಿ. ಊಟದ ಜೊತೆ ಬಿಸಿಯಾಗಿ ಕೊಡುವ ಆಲೂಗಡ್ಡೆ ಚಿಪ್ಸನ್ನು (ಫ್ರೆಂಚ್ ಫ್ರೈಸ್) ದನದ ಕೊಬ್ಬಿನಲ್ಲಿ ಕರಿಯುವ ಜಾಗಗಳೂ ಇವೆ, ಅದನ್ನೂ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಚೀಸ್, ಟೊಮೆಟೊ, ಈರುಳ್ಳಿ ಹಾಕಿದ ಟೋಸ್ಟೆಡ್ ಸ್ಯಾಂಡ್‌ವಿಚ್ ನನ್ನ ಮಟ್ಟಿಗೆ ಪಬ್ಬಿನ ಅತಿ ನಂಬಿಕಸ್ಥ ತಿಂಡಿ. ಹ್ಯಾಮ್ ಬೇಡ ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಹಾಕಿಯೇ ಹಾಕುತ್ತಾರೆ.

ಐರಿಷ್ ಸ್ಟ್ಯೂ ಅಂದರೆ ಕುರಿಮಾಂಸ. ಡಬ್ಲಿನ್ನಿನ ಕಾಡಲ್‌ನಲ್ಲಿ ಹಂದಿಮಾಂಸದ ಸಾಸೇಜು ಇರುತ್ತದೆ. ಗಿನ್ನಿಸ್ ಪೈ ಅಂತ ಇದ್ದರೆ ಅದರೊಳಗೆ ದನದ ಮಾಂಸ. ಚೌಡರ್ ಅನ್ನುವ ಗಟ್ಟಿ ಸೂಪು ಮೀನಿನದು. ಮಾಂಸ ತಿನ್ನುವವರಿಗೆ ಪಶ್ಚಿಮ ಕರಾವಳಿಯ ಚೌಡರ್ ನಿಜಕ್ಕೂ ತಿನ್ನಲೇಬೇಕಾದದ್ದು.

ಹೆಣ್ಣುಮಕ್ಕಳು ಒಬ್ಬರೇ ಹೋಗಬಹುದಾ?

ಹೋಗಬಹುದು, ಹೋಗುತ್ತಾರೆ. ಪುಸ್ತಕ ಹಿಡಿದು ಮೂಲೆಯಲ್ಲಿ ಕೂತವರನ್ನು ಯಾರೂ ಮಾತಾಡಿಸಿ ಕಾಡುವುದಿಲ್ಲ. ತೊಂದರೆ ಅನಿಸಿದರೆ ಕೌಂಟರಿನವರಿಗೆ ಹೇಳಿ. ಒಳ್ಳೆಯ ಪಬ್ಬಿನ ಒಡೆಯರು ತೊಂದರೆ ಕೊಡುವವರನ್ನು ಕ್ಷಣದಲ್ಲಿ ಹೊರಗೆ ಕಳಿಸುತ್ತಾರೆ.

ಈ ಸ್ವಾತಂತ್ರ್ಯ ತನ್ನಷ್ಟಕ್ಕೆ ಬಂದದ್ದಲ್ಲ. ಹಳೆಯ ಪಬ್ಬುಗಳಲ್ಲಿ ಸ್ನಗ್ ಅನ್ನುವ ಪುಟ್ಟ ಕೋಣೆ ಇರುತ್ತದೆ. ಮರದ ಗೋಡೆ, ಒಂದು ಬಾಗಿಲು, ಕೌಂಟರಿಗೆ ತೆರೆಯುವ ಒಂದು ಕಿಟಕಿ. ಹೆಂಗಸರು ಎಲ್ಲರ ಎದುರು ಕೂತು ಕುಡಿಯುವುದು ಸರಿಯಲ್ಲ ಅನ್ನುತ್ತಿದ್ದ ಕಾಲದಲ್ಲಿ ಅವರು ಕೂರುತ್ತಿದ್ದದ್ದು ಅಲ್ಲಿ. ಪಾದ್ರಿಗಳೂ ಪೊಲೀಸರೂ ಯಾರ ಕಣ್ಣಿಗೂ ಬೀಳದಂತೆ ಅಲ್ಲೇ ಕೂರುತ್ತಿದ್ದರು. ಆಮೇಲೂ ಬಹಳ ವರ್ಷ ಕೆಲವು ಪಬ್ಬುಗಳು ಹೆಂಗಸರಿಗೆ ಪೂರ್ತಿ ಪೈಂಟ್ ಕೊಡುತ್ತಿರಲಿಲ್ಲ, ಅರ್ಧ ಗ್ಲಾಸಷ್ಟೇ. 1970ರ ದಶಕದಲ್ಲಿ ಮಹಿಳಾ ಹೋರಾಟಗಾರರು ಪಬ್ಬುಗಳಿಗೇ ಹೋಗಿ ಪ್ರತಿಭಟಿಸಿದರು. ಇಂಥ ಭೇದ ಮಾಡುವಂತಿಲ್ಲ ಅನ್ನುವ ಕಾನೂನು 2000ದಲ್ಲಿ ಬಂತು. ಈಗ ಸ್ನಗ್‌ಗೆ ಎಲ್ಲರೂ ಆಸೆಪಡುತ್ತಾರೆ, ಬೇಗ ಹೋದವರಿಗೆ ಸಿಗುತ್ತದೆ. ಡಬ್ಲಿನ್ನಿನ ಟೋನರ್ಸ್ ಮತ್ತು ಕಿಯೋಸ್ ಪಬ್ಬುಗಳ ಸ್ನಗ್ ನೋಡುವಂತಿವೆ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ಅಪ್ಪ-ಅಮ್ಮನನ್ನು?

ಹದಿನೈದರ ಒಳಗಿನ ಮಕ್ಕಳು ಅಪ್ಪ-ಅಮ್ಮ ಅಥವಾ ಪೋಷಕರ ಜೊತೆ ಬರಬಹುದು. ರಾತ್ರಿ 9ರ ಹೊತ್ತಿಗೆ ಹದಿನೆಂಟರ ಒಳಗಿನವರೆಲ್ಲ ಹೊರಡಬೇಕು, ಮೇ ತಿಂಗಳಿಂದ ಸೆಪ್ಟೆಂಬರ್ ತನಕ 10 ಗಂಟೆ. ಮದುವೆಯಂಥ ಖಾಸಗಿ ಸಮಾರಂಭ ಇದ್ದರೆ ವಿನಾಯಿತಿ ಇದೆ. ಕುಡಿಯುವ ವಯಸ್ಸು 18. ಚಿಕ್ಕವರಂತೆ ಕಾಣುವವರನ್ನು ಗುರುತಿನ ಚೀಟಿ ಕೇಳುತ್ತಾರೆ.

ಅಪ್ಪ-ಅಮ್ಮನನ್ನು ಭಾನುವಾರ ಮಧ್ಯಾಹ್ನ ಕರೆದುಕೊಂಡು ಹೋಗಿ. ಆ ಹೊತ್ತಿಗೆ ಇಡೀ ಕುಟುಂಬಗಳು ಊಟಕ್ಕೆ ಬಂದಿರುತ್ತವೆ, ಗದ್ದಲ ಕಡಿಮೆ. ಚಳಿಗಾಲವಾದರೆ ಬೆಂಕಿಗೂಡಿನ ಹತ್ತಿರದ ಜಾಗ ಹಿಡಿಯಿರಿ. ಮನೆಯಲ್ಲಿ ಹೀಟರ್ ಮುಂದೆ ಕೂತು ಬೇಸತ್ತ ಅಮ್ಮನಿಗೆ ಪಕ್ಕದ ಮೇಜಿನ ಅಜ್ಜಿ "ಎಲ್ಲಿಂದ ಬಂದ್ರಿ? ಈ ಮಳೆ ಹೇಗಿದೆ?" ಅಂತ ಕೇಳಿದರೆ, ಅದಕ್ಕಿಂತ ಬೇರೆ ಉಪಕಾರ ಬೇಕಿಲ್ಲ. ಭಾಷೆ ಅರ್ಧಂಬರ್ಧ ಆದರೂ ಆಗುತ್ತದೆ, ವಯಸ್ಸಾದವರಿಗೆ ಇಲ್ಲಿ ತುಂಬ ಮರ್ಯಾದೆ.

ಸಂಗೀತದ ಸೆಷನ್ ಅಂದರೆ ಏನು? ಟಿಕೆಟ್ ಇದೆಯಾ?

ಟಿಕೆಟ್ ಇಲ್ಲ, ವೇದಿಕೆಯೂ ಇಲ್ಲ. ಒಂದು ಮೂಲೆಯ ಮೇಜಿನ ಸುತ್ತ ನುಡಿಸುವವರು ಕೂರುತ್ತಾರೆ. ಫಿಡಲ್, ಕೊಳಲು, ಟಿನ್ ವಿಸಲ್, ಬ್ಯಾಂಜೊ, ಕನ್ಸರ್ಟಿನಾ, ಬೌರಾನ್ ಅನ್ನುವ ಚರ್ಮವಾದ್ಯ. ಅದೃಷ್ಟವಿದ್ದರೆ ಇಲ್ಲನ್ ಪೈಪ್ಸ್. ಇದು ಮೊಣಕೈಯಿಂದ ತಿದಿ ಒತ್ತಿ ನುಡಿಸುವ ವಾದ್ಯ, 2017ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಅವರು ಕೂರುವುದು ಒಬ್ಬರಿಗೊಬ್ಬರು ಮುಖ ಮಾಡಿ, ಕೇಳುವವರ ಕಡೆಗಲ್ಲ. ಪಬ್ಬಿನವರು ಒಬ್ಬಿಬ್ಬರಿಗೆ ದುಡ್ಡು ಕೊಟ್ಟಿರಬಹುದು, ಉಳಿದವರು ಸುಮ್ನೆ ನುಡಿಸುವ ಖುಷಿಗೆ ಬಂದಿರುತ್ತಾರೆ.

ಎದುರಿಗೆ ಹಾಳೆ ಇರುವುದಿಲ್ಲ. ಎಲ್ಲವೂ ಕಿವಿಯಿಂದ ಕಲಿತದ್ದು. ಒಬ್ಬರು ಶುರು ಮಾಡುತ್ತಾರೆ, ಗೊತ್ತಿದ್ದವರು ಸೇರಿಕೊಳ್ಳುತ್ತಾರೆ. ಒಂದು ಮಟ್ಟನ್ನು ಎರಡು ಮೂರು ಸಲ ನುಡಿಸಿ, ನಿಲ್ಲಿಸದೆ ಇನ್ನೊಂದಕ್ಕೆ ಹಾರುತ್ತಾರೆ. ಜಿಗ್, ರೀಲ್ ಅನ್ನುವುದು ಕುಣಿತದ ಮಟ್ಟುಗಳು. ಕರ್ನಾಟಕ ಸಂಗೀತ ಕಲಿತವರಿಗೆ ಜಿಗ್ ಕೇಳಿದ ಕೂಡಲೇ ತಿಶ್ರ ನಡೆ ಕಿವಿಗೆ ಬೀಳುತ್ತದೆ, ಒಂದೊಂದು ತಟ್ಟಿಗೆ ಮೂರು ಮೂರು ಸ್ವರ. ರೀಲ್ ಆದರೆ ನಾಲ್ಕರ ಓಟ. ತಾಳ ಹಾಕುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ನುಡಿಸುವವರ ಜಾಗದಲ್ಲಿ, ಅದು ಖಾಲಿ ಕಂಡರೂ, ಕೂರಬೇಡಿ. ಪಕ್ಕದಲ್ಲೇ ನಿಂತು ಗಟ್ಟಿಯಾಗಿ ಮಾತಾಡಬೇಡಿ. ಮುಖಕ್ಕೆ ಮೊಬೈಲ್ ಹಿಡಿಯಬೇಡಿ. ಯಾರಾದರೂ ವಾದ್ಯ ಇಲ್ಲದೆ ಒಬ್ಬರೇ ಹಾಡಲು ಶುರು ಮಾಡಿದರೆ ಇಡೀ ಪಬ್ಬು ಮೌನವಾಗುತ್ತದೆ, ನೀವೂ ಆಗ ಮಾತು ನಿಲ್ಲಿಸಿ. ನಿಮಗೆ ಪಿಟೀಲು ಬರುತ್ತದಾ? ಮೊದಲು ಒಂದು ಸಂಜೆ ಬರೀ ಕೇಳಿ. ಆಮೇಲೆ "ಸೇರಿಕೊಳ್ಳಲಾ" ಅಂತ ಕೇಳಿ. ಮಕ್ಕಳಿಗೆ ಕಲಿಸಬೇಕಿದ್ದರೆ 1951ರಲ್ಲಿ ಶುರುವಾದ, ಐರಿಷ್ ಸಂಗೀತಕ್ಕೆಂದೇ ಇರುವ ಕೋಲ್ತಸ್ ಸಂಸ್ಥೆಯ ಶಾಖೆಗಳು ಊರೂರಲ್ಲಿ ಪಾಠ ಮಾಡುತ್ತವೆ.

ಡಬ್ಲಿನ್ನಿನಲ್ಲಿ ಸೆಷನ್‌ಗೆ ಸ್ಮಿತ್‌ಫೀಲ್ಡಿನ ಕಾಬಲ್‌ಸ್ಟೋನ್‌ಗೆ ಹೋಗಿ. 2021ರಲ್ಲಿ ಅದರ ಸುತ್ತ ಮತ್ತು ಮೇಲೆ ಹೋಟೆಲ್ ಕಟ್ಟುವ ಯೋಜನೆ ಬಂದಾಗ ಬಹಳ ಜನ ವಾದ್ಯ ಹಿಡಿದು ಬೀದಿಗೆ ಬಂದರು. ನಗರಪಾಲಿಕೆ ಅನುಮತಿ ಕೊಡಲಿಲ್ಲ. ಒಂದು ಪಬ್ಬಿಗಾಗಿ ಜನ ಹೀಗೆ ನಿಲ್ಲುತ್ತಾರೆ ಅಂದರೆ ಅದು ಅವರಿಗೆ ಏನು ಅನ್ನುವುದು ಗೊತ್ತಾಗುತ್ತದೆ, ಅಲ್ವಾ? ಪಶ್ಚಿಮದಲ್ಲಿ ಕ್ಲೇರ್ ಕೌಂಟಿಯ ಡೂಲಿನ್, ಮಿಲ್‌ಟೌನ್ ಮಾಲ್ಬೇ ಊರುಗಳು ಇದಕ್ಕೇ ಹೆಸರಾದವು. ಮಿಲ್‌ಟೌನ್‌ನಲ್ಲಿ 1973ರಿಂದ ಪ್ರತಿ ಜುಲೈ ಒಂದು ವಾರದ ಸಂಗೀತ ಶಾಲೆ ನಡೆಯುತ್ತದೆ, ಆ ವಾರ ಅಲ್ಲಿನ ಪಬ್ಬುಗಳಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ.

ಪರಿಚಯ ಇಲ್ಲದವರ ಜೊತೆ ಏನು ಮಾತಾಡುವುದು?

ಹವಾಮಾನದಿಂದ ಶುರು ಮಾಡಿ. ಇಲ್ಲಿ ಅದು ಕಾಟಾಚಾರದ ಮಾತಲ್ಲ. ನಾಳೆ ಮಳೆ ಬರುತ್ತದಾ ಅನ್ನುವುದರ ಮೇಲೆ ಹತ್ತು ನಿಮಿಷ ಮನಸ್ಸಿಟ್ಟು ಮಾತಾಡುತ್ತಾರೆ. ಆಮೇಲೆ ಆಟ. ಕೋಲಿನಿಂದ ಚೆಂಡು ಹೊಡೆಯುವ ಹರ್ಲಿಂಗ್ ಮತ್ತು ಗೇಲಿಕ್ ಫುಟ್‌ಬಾಲ್ ಇಲ್ಲಿನ ಸ್ವಂತ ಆಟಗಳು, ಆಡುವವರಿಗೆ ಸಂಬಳ ಇಲ್ಲ. ಫೈನಲ್ ಪಂದ್ಯಗಳು ಈಗ ಜುಲೈನಲ್ಲಿ ಡಬ್ಲಿನ್ನಿನ ಕ್ರೋಕ್ ಪಾರ್ಕ್‌ನಲ್ಲಿ ನಡೆಯುತ್ತವೆ. ಆಟದ ನಿಯಮ ಗೊತ್ತಿಲ್ಲ, ಹೇಳಿಕೊಡಿ ಅಂದರೆ ಅವರಿಗೆ ಅದಕ್ಕಿಂತ ಸಂತೋಷ ಇನ್ನೊಂದಿಲ್ಲ.

ಕರ್ನಾಟಕದವರ ಹತ್ತಿರ ಒಂದು ಒಳ್ಳೆಯ ಕಥೆ ಇದೆ. 2011ರ ಮಾರ್ಚ್ 2ರಂದು ವಿಶ್ವಕಪ್‌ನಲ್ಲಿ ಐರ್ಲೆಂಡ್ ಇಂಗ್ಲೆಂಡನ್ನು ಸೋಲಿಸಿದ್ದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಇಂಗ್ಲೆಂಡ್ 327 ಹೊಡೆದಿತ್ತು. ಐರ್ಲೆಂಡ್ 111ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಕೂದಲಿಗೆ ಗುಲಾಬಿ ಬಣ್ಣ ಹಚ್ಚಿಕೊಂಡಿದ್ದ ಕೆವಿನ್ ಓಬ್ರಿಯನ್ 50 ಎಸೆತಕ್ಕೆ ನೂರು ಬಾರಿಸಿದ. ವಿಶ್ವಕಪ್‌ನಲ್ಲಿ ಅಲ್ಲಿಯವರೆಗಿನ ಅತಿ ವೇಗದ ಶತಕ ಅದು. ಕ್ರಿಕೆಟ್ ನೋಡದ ಐರಿಷರಿಗೂ ಆ ದಿನ ಗೊತ್ತು. "ನಮ್ಮೂರಲ್ಲೇ ಆದದ್ದು" ಅಂದರೆ ಮುಂದಿನ ಅರ್ಧ ಗಂಟೆ ಮಾತಿಗೆ ಬರವಿಲ್ಲ.

ಇನ್ನೂ ಇದೆ. ನಮ್ಮ ರಾಷ್ಟ್ರಪತಿ ಆಗಿದ್ದ ವಿ.ವಿ. ಗಿರಿ ಕಾನೂನು ಓದಿದ್ದು ಡಬ್ಲಿನ್ನಿನಲ್ಲಿ, 1913ರಿಂದ 1916ರ ತನಕ. ಕೋಲಾರದ ಗಡಿಯಾಚೆಗಿನ ಮದನಪಲ್ಲಿಯಲ್ಲಿ 1919ರಲ್ಲಿ ರವೀಂದ್ರನಾಥ ಟಾಗೋರರು ತಂಗಿದ್ದಾಗ ಜನಗಣಮನದ ರಾಗವನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದುಕೊಂಡವರು ಮಾರ್ಗರೆಟ್ ಕಸಿನ್ಸ್, ರಾಸ್‌ಕಾಮನ್ ಕೌಂಟಿಯ ಬಾಯ್ಲ್ ಊರಿನವರು.

ಎಚ್ಚರದ ಮಾತು ಒಂದು. ಐರ್ಲೆಂಡನ್ನು ಬ್ರಿಟನ್ನಿನ ಭಾಗ ಅನ್ನುವಂತೆ ಮಾತಾಡಬೇಡಿ. ನಮಗೂ ಆ ನೋವು ಗೊತ್ತು. ಸಂಬಳ, ಮನೆಯ ಬೆಲೆ, ಮಕ್ಕಳ ಮಾರ್ಕ್ಸ್ ಹೇಳಿಕೊಳ್ಳುವುದೂ ಬೇಡ. ತನ್ನ ಬಗ್ಗೆ ತಾನೇ ದೊಡ್ಡದಾಗಿ ಹೇಳಿಕೊಳ್ಳುವವರನ್ನು ಇಲ್ಲಿ ಇಷ್ಟಪಡುವುದಿಲ್ಲ.

ನನ್ನನ್ನು ಕಿಚಾಯಿಸುತ್ತಾರೆ. ಬೇಜಾರು ಮಾಡಿಕೊಳ್ಳಬೇಕಾ?

ಸಾಮಾನ್ಯವಾಗಿ ಬೇಡ. ಕಾಲೆಳೆಯುವುದು ಹತ್ತಿರದವರು ಅಂತ ಒಪ್ಪಿಕೊಂಡ ಗುರುತು. ವಾಪಸ್ ಕಾಲೆಳೆಯಿರಿ. ಬಣ್ಣ, ದೇಶ ಹಿಡಿದು ಮಾತಾಡಿದರೆ ಅದು ಬೇರೆ. ಅದನ್ನು ತಮಾಷೆ ಅಂತ ನುಂಗಿಕೊಳ್ಳಬೇಕಿಲ್ಲ, ಪಬ್ಬಿನವರಿಗೆ ಹೇಳಿ, ಎದ್ದು ಬನ್ನಿ.

ನೆರೆಯವರ ಮನೆಯಲ್ಲಿ ಸಾವಾಗಿದೆ. ಎಲ್ಲ ಮುಗಿದ ಮೇಲೆ ಪಬ್ಬಿಗೆ ಬನ್ನಿ ಅಂತ ಕರೆದಿದ್ದಾರೆ. ಹೋಗಬೇಕಾ?

ದಯವಿಟ್ಟು ಹೋಗಿ. ನಮಗೆ ಇದು ವಿಚಿತ್ರ ಅನಿಸುವುದು ಸಹಜ. ನಮ್ಮಲ್ಲಿ ಸ್ಮಶಾನದಿಂದ ಬಂದು ಸ್ನಾನ ಮಾಡದೆ ಏನೂ ಮುಟ್ಟುವುದಿಲ್ಲ. ಇಲ್ಲಿ ಮಣ್ಣು ಮಾಡಿದ ಮೇಲೆ ಎಲ್ಲರೂ ಪಬ್ಬಿನಲ್ಲೋ ಹೋಟೆಲಿನಲ್ಲೋ ಸೇರುತ್ತಾರೆ. ಮನೆಯವರು ಸೂಪು, ಸ್ಯಾಂಡ್‌ವಿಚ್, ಟೀ ಏರ್ಪಾಡು ಮಾಡಿರುತ್ತಾರೆ. ತೀರಿಕೊಂಡವರ ಕಥೆ ಹೇಳುತ್ತಾರೆ, ನಗುತ್ತಾರೆ, ಅಳುತ್ತಾರೆ. ಮನೆಯವರ ಕೈ ಹಿಡಿದು "ಸಾರಿ ಫಾರ್ ಯುವರ್ ಟ್ರಬಲ್" ಅನ್ನಿ. ಎಲ್ಲರೂ ಹೇಳುವ ಮಾತು ಅದೇ, ಹೊಸದೇನನ್ನೂ ಹುಡುಕಬೇಕಿಲ್ಲ. ನೀವು ಬಂದಿರಿ ಅನ್ನುವುದನ್ನು ಅವರು ಮರೆಯುವುದಿಲ್ಲ.

ಡಬ್ಲಿನ್ನಿನ ಗ್ಲಾಸ್ನೆವಿನ್ ಸ್ಮಶಾನದ ಗೋಡೆಗೇ ಅಂಟಿಕೊಂಡು ಜಾನ್ ಕ್ಯಾವನಾ ಪಬ್ಬಿದೆ, 1833ರಿಂದ ಒಂದೇ ಮನೆತನದ್ದು. ಗುಂಡಿ ತೋಡುವವರು ಬರುತ್ತಿದ್ದರಿಂದ ಜನ ಅದನ್ನು ಗ್ರೇವ್‌ಡಿಗ್ಗರ್ಸ್ ಅಂತಲೇ ಕರೆಯುತ್ತಾರೆ. ಅಲ್ಲಿ ಸಂಗೀತ ಇಲ್ಲ, ಟಿವಿ ಇಲ್ಲ. ಮಾತು ಮಾತ್ರ. ಒಂದೇ ಒಂದು ಪಬ್ಬು ನೋಡಲು ಸಮಯ ಇದೆ ಅಂದರೆ ನಾನು ಅಲ್ಲಿಗೇ ಕಳಿಸುತ್ತೇನೆ.

ಕಾರಿನಲ್ಲಿ ಹೋಗಬಹುದಾ?

ಟೀ ಕುಡಿಯುವವರು ಹೋಗಬಹುದು. ಉಳಿದವರು ಬೇಡ. ರಕ್ತದಲ್ಲಿ ಮದ್ಯದ ಮಿತಿ 100 ಮಿಲಿಗೆ 50 ಮಿಲಿಗ್ರಾಂ. ಕಲಿಯುವವರಿಗೆ, ಲೈಸೆನ್ಸ್ ಸಿಕ್ಕಿ ಎರಡು ವರ್ಷ ಆಗದವರಿಗೆ, ಟ್ಯಾಕ್ಸಿ-ಲಾರಿ ಚಾಲಕರಿಗೆ ಅದು ಬರೀ 20. ನಮ್ಮವರು ಇದನ್ನು ಚೆನ್ನಾಗಿ ಗಮನಿಸಬೇಕು. ಭಾರತದ ಲೈಸೆನ್ಸನ್ನು ಇಲ್ಲಿ ಬದಲಾಯಿಸಿಕೊಡುವುದಿಲ್ಲ. ಊರಿನಲ್ಲಿ ಇಪ್ಪತ್ತು ವರ್ಷ ಓಡಿಸಿದ್ದರೂ ಇಲ್ಲಿ ಮೊದಲಿಂದ ಶುರು, ಹಾಗಾಗಿ ಆ 20ರ ಮಿತಿಯೇ ನಮ್ಮಲ್ಲಿ ಬಹಳ ಜನಕ್ಕೆ. 2018ರಿಂದ ಮಿತಿ ಸ್ವಲ್ಪ ಮೀರಿದರೂ ಮೂರು ತಿಂಗಳು ಲೈಸೆನ್ಸ್ ಹೋಗುತ್ತದೆ. ರಾತ್ರಿ ಕುಡಿದದ್ದು ಬೆಳಿಗ್ಗೆಯೂ ರಕ್ತದಲ್ಲಿ ಇರಬಹುದು, ಬೆಳಿಗ್ಗೆಯೂ ತಪಾಸಣೆ ಇರುತ್ತದೆ.

ಎಷ್ಟು ಹೊತ್ತಿನ ತನಕ ತೆರೆದಿರುತ್ತದೆ? ಸಿಗರೇಟು ಸೇದಬಹುದಾ?

ಸೋಮವಾರದಿಂದ ಗುರುವಾರ ರಾತ್ರಿ 11.30, ಶುಕ್ರ ಮತ್ತು ಶನಿ 12.30, ಭಾನುವಾರ 11. ಅದರ ಮೇಲೆ ಕೈಯಲ್ಲಿರುವುದನ್ನು ಕುಡಿದು ಮುಗಿಸಲು ಅರ್ಧ ಗಂಟೆ. ಕ್ರಿಸ್ಮಸ್ ದಿನ ಪೂರ್ತಿ ರಜೆ. ಗುಡ್ ಫ್ರೈಡೇ ದಿನವೂ ಮುಚ್ಚಿರಬೇಕಿತ್ತು, 2018ರಲ್ಲಿ ಆ ನಿಯಮ ತೆಗೆದರು. ಸಿಗರೇಟು ಒಳಗೆ ಸೇದುವಂತಿಲ್ಲ. 2004ರ ಮಾರ್ಚ್ 29ರಂದು ಪಬ್ಬು ಸೇರಿ ಎಲ್ಲ ಕೆಲಸದ ಜಾಗಗಳಲ್ಲಿ ಧೂಮಪಾನ ನಿಲ್ಲಿಸಿದ ಮೊದಲ ದೇಶ ಇದು.

ಹಳೆಯ ಪಬ್ಬುಗಳು ಮುಚ್ಚುತ್ತಿವೆಯಂತೆ, ನಿಜವಾ?

ನಿಜ. 2005ರಿಂದ ಈಚೆಗೆ ಎರಡು ಸಾವಿರಕ್ಕೂ ಹೆಚ್ಚು ಪಬ್ಬುಗಳು ಮುಚ್ಚಿವೆ, ಹಳ್ಳಿಗಳಲ್ಲೇ ಜಾಸ್ತಿ. ಸೂಪರ್‌ಮಾರ್ಕೆಟ್ಟಿನ ಅಗ್ಗದ ಬಿಯರು, ವಿದ್ಯುತ್ತು-ವಿಮೆಯ ಖರ್ಚು, ಊರು ಬಿಟ್ಟು ಹೋದ ಹುಡುಗರು, ಮನೆಯ ಮಕ್ಕಳಿಗೆ ಈ ಕೆಲಸ ಬೇಡ ಅನಿಸುವುದು. ಕೊರೊನಾ ಕಾಲದಲ್ಲಿ ಡಬ್ಲಿನ್ನಿನ ಊಟವಿಲ್ಲದ ಪಬ್ಬುಗಳು 2020ರ ಮಾರ್ಚ್‌ನಿಂದ 2021ರ ಬೇಸಿಗೆ ತನಕ ಮುಚ್ಚಿದ್ದವು. ಹಳ್ಳಿಯಲ್ಲಿ ಒಂಟಿಯಾಗಿರುವ ರೈತನಿಗೆ ಪಬ್ಬು ಮುಚ್ಚಿದರೆ ವಾರದಲ್ಲಿ ಒಬ್ಬರ ಜೊತೆಗೂ ಮಾತಿಲ್ಲ ಅನ್ನುವ ಪರಿಸ್ಥಿತಿ ಆಗುತ್ತದೆ. ಇದನ್ನು ಬರೆಯುವಾಗ ನಿಜಕ್ಕೂ ಸಂಕಟ ಆಗುತ್ತದೆ. ನಿಮ್ಮ ಬೀದಿಯ ಪಬ್ಬು ತೆರೆದಿರುವಾಗಲೇ ಹೋಗಿ. ಅವರ ಚಾರಿಟಿ ಕ್ವಿಜ್‌ಗೆ ಸಾಮಾನ್ಯವಾಗಿ ನಾಲ್ಕು ಜನರ ತಂಡ ಬೇಕು, ಹೆಸರು ಕೊಡಿ.

ಬೆಲ್‌ಫಾಸ್ಟ್‌ಗೆ ಹೋದರೂ ಇದೇ ನಿಯಮವಾ?

ರೌಂಡ್, ಮಾತು, ಸಂಗೀತ ಎಲ್ಲ ಅದೇ. ಆದರೆ ಬೆಲ್‌ಫಾಸ್ಟ್ ಇರುವ ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ಹಾಗಾಗಿ ಕಾನೂನು ಬೇರೆ, ದುಡ್ಡು ಪೌಂಡ್. ಅಲ್ಲಿನ ಕ್ರೌನ್ ಪಬ್ಬು ನೋಡಲೇಬೇಕು. ಬಣ್ಣದ ಹೆಂಚು, ಕೆತ್ತನೆಯ ಮರ, ಬಾಗಿಲಿರುವ ಸಾಲು ಸಾಲು ಸ್ನಗ್‌ಗಳು. 1978ರಿಂದ ಅದು ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಆಸ್ತಿ. ಗಡಿಯಲ್ಲಿ ಚೆಕ್‌ಪೋಸ್ಟ್ ಇಲ್ಲ, ಬಸ್ಸು ಸೀದಾ ಹೋಗುತ್ತದೆ. ಆದರೂ ಭಾರತದ ಪಾಸ್‌ಪೋರ್ಟ್ ಇರುವವರು, ಐರ್ಲೆಂಡಿನಲ್ಲಿ ಕೆಲಸ ಮಾಡುವವರೂ ಸೇರಿ, ಬ್ರಿಟನ್ನಿನ ವೀಸಾ ಬೇಕಾ ಅನ್ನುವುದನ್ನು ಹೊರಡುವ ಮೊದಲೇ ನೋಡಿಕೊಳ್ಳಬೇಕು. ಹೆಚ್ಚಿನವರಿಗೆ ಬೇಕಾಗುತ್ತದೆ.